ಅವ್ವನಿಗೆ ಬರ್ರಿ ಎಂದವರಿಗೆ

ಯಾದಗಿರಿ
ಫೆಬ್ರುವರಿ 11, 2024

ದೇವಿಂದ್ರ ಅವರೇ,

ಗಂಡನ ಹೆಸರು ಹಿಡಿದು ಬರೆದಳೆಂದು ಸಿಟ್ಟಾಗಬೇಡಿ. ಇಷ್ಟು ವರ್ಷ ‘ಏನ್ರೀ’ ಎಂದೇ ಕರೆದೆ. ಈ ಸಲ ಮನಸ್ಸು ಬರಲಿಲ್ಲ.

ನಿಮ್ಮ ಹೋಟೆಲು ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಶಹಾಪುರದ ಆ ಹಾಳುಬಿದ್ದ ಹತ್ತಿ ಮಿಲ್ಲು ಹೀಗಾದೀತೆಂದು ಯಾರೂ ಅಂದುಕೊಂಡಿರಲಿಲ್ಲ. ಗಿಲಾವು ಕೆರೆಸಿ ಇಟ್ಟಂಗಿ ಕಾಣುವಂತೆ ಮಾಡಿದ್ದೀರಿ. ಹತ್ತಿ ಬಿಡಿಸುವ ಯಂತ್ರಕ್ಕೆ ಗಾಜು ಹಾಸಿ ಊಟದ ಮೇಜು ಮಾಡಿದ್ದೀರಿ, ತೊಲೆಯ ಕೊಂಡಿಗಳಿಗೆಲ್ಲ ಹಿತ್ತಾಳೆಯ ದೀಪ. ತುಕ್ಕು ಹಿಡಿದ ಕಬ್ಬಿಣಕ್ಕೂ ಅಲ್ಲಿ ಒಳ್ಳೆಯ ಜಾಗ ಸಿಕ್ಕಿದೆ, ಸಂತೋಷ.

ಗೆಳೆಯರ ಮುಂದೆ ನೀವು ನನ್ನ ಹಳ್ಳಿ ಮಾತಿಗೆ ನಕ್ಕಿರೆಂದು ನಾನು ತವರಿಗೆ ಬಂದಾಗಿನಿಂದ ಅತ್ತೆಯದು ಒಂದೇ ಹಾಡು: “ಹೋಗವ್ವ, ಅಂವನ ಮನಸಿನ್ಯಾಗ ಏನಿಲ್ಲ.” ಹೋಟೆಲಿನ ಉದ್ಘಾಟನೆಗೆ ಅವರೇ ಬಂದು ನನ್ನನ್ನು ಕರೆದೊಯ್ದರು.

ಕಲಬುರಗಿಯ ಪಾಲುದಾರರ ಜೊತೆ ನೀವು ನಿಂತಿದ್ದಿರಿ. ಅತ್ತೆ ಒಂದು ದೀಪದ ಕೆಳಗೆ ನಿಂತು ನಿಮಗೆ, “ಇದ ಕೊಂಡಿಗಿ ಜೋಳಿಗಿ ಕಟ್ಟಿ ನಿನ್ನ ಮಲಗಿಸಿ ನಾ ಹತ್ತಿ ಆರಸ್ತಿದ್ದೆ” ಎಂದರು. ಎಷ್ಟು ಹಿಗ್ಗಿದ್ದರು ಆಗ.

ನೀವು “ಬರ್ರಿ, ಆ ಕಡಿ ಕುಂಡ್ರಿ” ಎಂದು ಅಡುಗೆಮನೆಯ ಬಾಗಿಲ ಬಳಿಯ ಕುರ್ಚಿ ತೋರಿಸಿದಿರಿ. ಪಾಲುದಾರರಿಗೆ, “ಇವರು ಮೊದಲ ಇಲ್ಲಿ ಕೆಲಸಕ್ಕಿದ್ರು” ಎಂದಿರಿ.

ನಮ್ಮ ಕಡೆ ಹಡೆದವ್ವನಿಗೆ ಯಾರಾದರೂ ಬರ್ರಿ ಅನ್ನುತ್ತಾರೆಯೇ? ಮಾತು ಬಂದಾಗಿನಿಂದ “ಬಾ ಯವ್ವಾ” ಎಂದವರು ನೀವು. ಬೈದಿದ್ದರೂ ಮಗನೇ ಬೈದನೆಂದು ಅವರು ಸುಮ್ಮನಾಗುತ್ತಿದ್ದರು. ನೀವು ಬಹುವಚನ ಹಚ್ಚಿ ಹೊರಗಿನವಳನ್ನಾಗಿ ಮಾಡಿದಿರಿ. ಪಾಲುದಾರರಿಗೆ ನೀವು ಬಹಳ ವಿನಯವಂತರಾಗಿ ಕಂಡಿರಬೇಕು.

ಅತ್ತೆ ಕೂರಲಿಲ್ಲ. “ಹೌದ್ರಿ, ಕೆಲಸಕ್ಕ ಬರ್ತಿದ್ದೆ” ಎಂದು ಪಾಲುದಾರರಿಗೆ ಕೈಮುಗಿದು, ನಿಮ್ಮ ಸುಳ್ಳನ್ನು ಕಾಪಾಡಿಯೇ ಹೊರಬಂದರು. ಈಗ ನನ್ನ ಬಳಿ ಇದ್ದಾರೆ. ನಿಮ್ಮ ಬಗ್ಗೆ ಒಂದು ಕೆಟ್ಟ ಮಾತೂ ಆಡಿಲ್ಲ.

ನನ್ನ ಹಾದಿ ಕಾಯಬೇಡಿ.

ರೇವತಿ

ತಾ.ಕ.: ಆ ದಿನ ನನ್ನ ಚೀಲದಲ್ಲಿ ಬಟ್ಟೆಗಳಿದ್ದವು. ನಿಮ್ಮ ಮನೆಯಲ್ಲಿ ಉಳಿಯಲೆಂದೇ ಬಂದಿದ್ದೆ. ಅಷ್ಟೆಲ್ಲ ಆದ ಮೇಲೂ, ನನಗೇ ನಾಚಿಕೆ, ಬಸ್ ಸ್ಟ್ಯಾಂಡಿನಿಂದ ನಿಮ್ಮ ಕಡೆ ತಿರುಗಿದ್ದೆ. ಅತ್ತೆ ಚೀಲ ಕಸಿದುಕೊಂಡು ಯಾದಗಿರಿ ಬಸ್ಸಿಗೆ ಹತ್ತಿಸಿದರು. “ನೀ ಹೋಗಬ್ಯಾಡವ್ವ,” ಎಂದರು, “ಹಡದಾಕಿ ನಾನ ಹೇಳಾಕತ್ತೀನಿ.”