ಬೇಗ ಸವೆದ ಬ್ರಷ್

ದಂತವೈದ್ಯೆ ಮೇಡಂ ಅವರಿಗೆ,

ನಮಸ್ಕಾರ. ಊಟದ ನಂತರ ಶಾಲೆಯಲ್ಲೇ ಹಲ್ಲುಜ್ಜಲು ನೀವು ಎರಡನೇ ತರಗತಿಗೆ ಕೊಟ್ಟ ಬ್ರಷ್‌ಗಳಲ್ಲಿ ಹದಿನಾಲ್ಕನೇ ನಂಬರಿನದು ಮಾತ್ರ ತಿಂಗಳೊಳಗೇ ಸವೆದಿತ್ತು. ಕುತೂಹಲ ತಡೆಯಲಾರದೆ ನಿನ್ನೆ ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಆ ಬ್ರಷ್‌ನ ಹುಡುಗಿ ತಾನು ಉಜ್ಜಿ, ಬ್ರಷ್ ತೊಳೆದು, ಒಂದನೇ ತರಗತಿಯ ತಂಗಿಯನ್ನು ಎಳೆದು ತಂದಳು. "ಆ ಅನ್ನು, ಕೋತಿ!" ಎಂದು ಅವಳ ಹಲ್ಲನ್ನೂ ಉಜ್ಜಿದಳು.

"ಒಬ್ಬರ ಬ್ರಷ್ ಇನ್ನೊಬ್ಬರು ಬಳಸಬಾರದು ಕಣಮ್ಮ" ಎಂದೆ.

"ಮತ್ತೆ ಅವಳಿಗೂ ಹಲ್ಲಿದೆಯಲ್ಲ ಮಿಸ್?"

ತಂಗಿಯ ದವಡೆಹಲ್ಲು ಆಗಲೇ ಕಪ್ಪಾಗಿದೆ. ಒಂದನೇ ತರಗತಿಗೆ ಮುಂದಿನ ವರ್ಷ ಕೊಡುತ್ತೇವೆ ಎಂದಿದ್ದಿರಿ. ಶಾಲೆಯ ಸಭೆಯಲ್ಲಿ ಎಲ್ಲರೆದುರು ಎದ್ದು ನಿಮ್ಮನ್ನು ಕೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗುರುವಾರ ಬರುವಾಗ ಒಂದನೇ ತರಗತಿಯ ಮಕ್ಕಳಿಗೆ ಮೂವತ್ತೊಂದು ಚಿಕ್ಕ ಬ್ರಷ್ ತನ್ನಿ. ಆಗದಿದ್ದರೆ ಆ ಹುಡುಗಿಗೆ ಉತ್ತರವನ್ನು ದಯವಿಟ್ಟು ನೀವೇ ಹೇಳಿ.

ಇಂತಿ,
ಎರಡನೇ ತರಗತಿಯ ಹೊಸ ಟೀಚರ್