ಒಡಪಿನಲ್ಲಿ ಕರೆದ ಹೆಸರು

ಫೆಬ್ರವರಿ 2, ಸೋಮವಾರ
ರೊಟ್ಟಿ ಬಡಿದಾಯಿತು. ಮೊಣಕಾಲು ಇವತ್ತೂ ಕಟ್ ಕಟ್. ಬಬಲೇಶ್ವರದ ತವರಿನಿಂದ ಮೊಮ್ಮಗನ ಹೆಂಡತಿ ಸುಧಾರಾಣಿಯ ವಿಡಿಯೊ ಕಾಲ್. ಕೂಸಿಗೆ ಮೊಬೈಲಿನಲ್ಲಿ ಹೆಸರು ಹುಡುಕಿದ್ದಾಳೆ — ಕಿಯಾನ್.

"ಹಂಗಂದ್ರೇನಬೇ?"

"ಪರ್ಷಿಯಾದಾಗ ರಾಜ ಅಂತ್ರಿ ಆಯಿ. ಐರ್ಲೆಂಡಿನಾಗ ಭಾಳ ಹಳೇದು ಅಂತ."

ನೆತ್ತಿ ಇನ್ನೂ ಗಟ್ಟಿಯಾಗಿಲ್ಲ, ಆಗಲೇ ಹಳೇದು!

"ಮುತ್ತಜ್ಜನ ಹೆಸರು ಇಡು" ಅಂದೆ.

"ಏನ್ರಿ ಆ ಹೆಸರು? ನೀವ ಹೇಳ್ರಲ್ಲ."

ಹಲ್ಲು ಕಿಸಿದಳು. ಗೊತ್ತವಳಿಗೆ. ಗಂಡನ ಹೆಸರು ಹಿಡಿದು ಕರೆದರೆ ಅವರ ಆಯುಷ್ಯ ಸವೆಯುತ್ತದೆ ಅಂತ ನಾನು ಕರೆದವಳಲ್ಲ. ಆದರೂ ಹೋದ ವರ್ಷ ಹೋದರು. ಈಗ ಆ ಹೆಸರು ಕರೆಂಟ್ ಬಿಲ್ಲಿನ ಮೇಲಷ್ಟೇ ಉಳಿದಿದೆ. ಅದನ್ನೂ ಮೊಮ್ಮಗ ಅರುಣಕುಮಾರ ತನ್ನ ಹೆಸರಿಗೆ ಮಾಡಿಸುತ್ತಾನಂತೆ.

ಫೆಬ್ರವರಿ 5
ಪೇಟೆಯ ಟೇಲರ್ ಸೈಫುದ್ದೀನ ಬಂದಿದ್ದ. ನಮ್ಮವರ ಗೆಳೆಯ. ಚಹಾ ಕುಡಿದು ನಕ್ಕ.

"ಅರ್ಥ ನೋಡಿ ಏನ್ ಮಾಡ್ತೀರಿ ವೈನಿ? ನನ್ನ ಹೆಸರಿನ ಅರ್ಥ ಧರ್ಮದ ಕತ್ತಿ. ಜಲಮ ಪೂರಾ ಹಿಡದದ್ದು ಕತ್ರಿ."

ನಮ್ಮತ್ತೆ ದರ್ಗಾಕ್ಕೆ ಹರಕೆ ಹೊತ್ತು ಹೆತ್ತ ಮಗ ನಮ್ಮವರು. ಅದಕ್ಕೇ ಆ ಹೆಸರು. ಮುಂದೆ ಸಾಬ, ಹಿಂದೆ ಅಣ್ಣ.

ಅಯ್ಯೋ, ಅರ್ಧರ್ಧ ಬರೆದುಬಿಟ್ಟೆ! ಕೂಡಿಸಿ ಓದಬಾರದು.

ಫೆಬ್ರವರಿ 9
ಸುಧಾರಾಣಿಯ ಕರಾರು: "ನೀವ ಕರ್ಯಾಕ ಒಲ್ಲದ ಹೆಸರು ಊರಮಂದಿ ಯಾಕ ಕರೀಬೇಕ್ರಿ? ತೊಟ್ಟಿಲದಾಗ ಮೊದಲ ನೀವ ಕರೀರಿ. ಅದನ್ನ ಇಡ್ತೀನಿ."

ನನಗೆ ತಕ್ಕವಳು. ಹಾಳಾದವಳು.

ಫೆಬ್ರವರಿ 12, ರಾತ್ರಿ
ಕೂಸಿಗೆ ಹೆಸರಿಡುವ ಶಾಸ್ತ್ರ ಮುಗಿಸಿ ಬಬಲೇಶ್ವರದಿಂದ ಬಂದೆ. ಬಸ್ಸಿನಲ್ಲಿ ಸೊಂಟ ಮುರಿಯಿತು.

ತೊಟ್ಟಿಲ ಸುತ್ತ ಹೆಂಗಸರು. ಕೂಸಿನ ಮೇಲೆ ಬಾಗಿದೆ. ಆಗ ನೆನಪಾಯಿತು — ಲಗ್ನದಲ್ಲಿ ಪ್ರಾಸ ಕಟ್ಟಿ ಒಡಪು ಹಾಕಿ ಗಂಡನ ಹೆಸರು ಹೇಳಿದರೆ ದೋಷವಿಲ್ಲ! ಹಾಕಿಯೇ ಬಿಟ್ಟೆ.

ಹಿಟ್ಟಿಗೆ ಬೇಕು ಬಿಸಿನೀರು, ರೊಟ್ಟಿಗೆ ಬೇಕು ಕೆಂಡ,
ನನ್ನ ನಾಲಿಗಿ ತಡಕೊಂಡಾರ — — —, ಅವರ ನನ್ನ ಗಂಡ!

ಹೆಸರು ಬಾಯಲ್ಲಿ ಅಂದೆ, ಇಲ್ಲಿ ಬರೆಯಲಾರೆ. ಮನೆಯೆಲ್ಲ ಘೊಳ್ಳೆಂದಿತು. ಕೂಸಿನ ಅತ್ತೆ ನಂದಾ, ಅದರ ಕಿವಿಯಲ್ಲಿ ಕುರ್ರ್ ಅಂತ ಹೆಸರು ಊದಬೇಕಾದವಳು, ತೊಟ್ಟಿಲು ಹಿಡಿದು ನಗುತ್ತಲೇ ಕೂತಳು. ಪದ್ಧತಿಯಂತೆ ಅವಳ ಬೆನ್ನಿಗೆ ಬೀಳಬೇಕಾದ ಗುದ್ದುಗಳು ಹೆಸರು ಕರೆದ ನನಗೂ ಬಿದ್ದವು.

"ತೊಟ್ಟಿಲದಾಗಿನ ಕೂಸಿಗೆ ಗಂಡ ಅಂದ್ರಲ್ರೀ ಆಯಿ!"

ಸುಧಾರಾಣಿ ಮಾತಿಗೆ ತಪ್ಪಲಿಲ್ಲ. ಅದೇ ಹೆಸರು ಇಟ್ಟಳು. ಹೊರಡುವಾಗ ಮಾತ್ರ ಕುಟುಕಿದಳು. "ಮನಿಗೆ ಬಂದಮ್ಯಾಲ ದಿನಾ ಹ್ಯಾಂಗ ಕರೀತೀರಿ, ನೋಡ್ತೀನಿ."

ಮೇ 11
ತಾಯಿ ಮಗ ಬಂದರು. ಕೂಸು ದುಂಡಗಾಗಿದೆ. ಬೆಳಗ್ಗೆಯಿಂದ ಅದನ್ನು ಗುಂಡ್ಯಾ, ಬಂಗಾರ, ಕಳ್ಳ, ಇವನೇ ಅಂತ ಕರೆದೆ. ಒಡಪು ಹಾಕಿ ಕರೆಯೋಣವೆಂದರೆ ಅದು ಮುಗಿಯುವುದರೊಳಗೆ ಉಚ್ಚೆ ಹೊಯ್ದಿರುತ್ತದೆ.

"ಕಿಯಾನ್ ಅಂತ ಇಟ್ಟಿದ್ರ ಸಲೀಸ ಇತ್ತಲ್ರಿ?" ಸುಧಾರಾಣಿ. ಹುಸಿನಗು ಬೇರೆ.

ಸೋತೆನೇನೋ. ಕರೆಯದ ಹೆಸರು ಬಿಲ್ಲಿನ ಮೇಲಿದ್ದರೇನು, ತೊಟ್ಟಿಲಲ್ಲಿದ್ದರೇನು...

ಮೇ 13, ಮಧ್ಯಾಹ್ನ
ಸುಧಾರಾಣಿ ಮಾಳಿಗೆಯ ಮೇಲೆ ಶ್ಯಾವಿಗೆ ಒಣಹಾಕುತ್ತಿದ್ದಾಳೆ. ಕೂಸು ಮಲಗಿದೆ. ನಿದ್ದೆಯಲ್ಲಿ ಹುಬ್ಬು ಗಂಟಿಕ್ಕುತ್ತದೆ, ಥೇಟ್ ಅವರ ಹಾಗೆ. ಸಾರಿಗೆ ಉಪ್ಪು ಕಡಿಮೆಯಾದರೆ ಅವರೂ ಹೀಗೇ... ಎದ್ದಿತು. ಹೊರಳಿತು ನೋಡು, ಮಂಚದ ಅಂಚಿಗೆ — ಏ ಸಾಬಣ್ಣಾ! ಸಾಬಣ್ಣಾ, ತಡಿಯೋ ಯಪ್ಪಾ, ಬಂದೆ —