ಮೈಟೊಕಾಂಡ್ರಿಯಕ್ಕೆ ಎರಡು ಗೋಡೆ, ನನ್ನ ತಮ್ಮನಿಗೆ ಒಂದು ಪರದೆ

ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯಲ್ಲಿ ಗಂಡಸರ ಪರೀಕ್ಷಾ ಕೋಣೆಗೆ ಬಾಗಿಲಿಲ್ಲ. ಹಸಿರು ಪರದೆಯೊಂದಿದೆ, ಅದೂ ಮೊಣಕಾಲಿನವರೆಗೆ. ಮಲಯಾಳಂನಲ್ಲಿ ಎರಡು ಅರ್ಜಿ ಬರೆದುಕೊಟ್ಟೆ, ಉತ್ತರವಿಲ್ಲ. ಮೂರನೆಯದನ್ನು ಅಮ್ಮ ಕಲಿಸಿದ ಕನ್ನಡದಲ್ಲಿ, ಪತ್ರಿಕೆಯಲ್ಲಿ, ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಗಂಡಸರ ಕಾಯಿಲೆಯ ಮಾತು ಈ ಮುದುಕಿಗೇಕೆ ಎನ್ನಬೇಡಿ. ಗಂಡಸರು ಬರೆಯುವ ಹಾಗಿದ್ದರೆ ನಾನು ಈಗ ಅಂಗಳದಲ್ಲಿ ಕಾಫಿ ಹರವುತ್ತಿದ್ದೆ.

ನನಗೆ ಮೂವರು ತಮ್ಮಂದಿರು. ಅವರಲ್ಲೊಬ್ಬ ಗದ್ದೆ ಕಾಯುವ ಅಟ್ಟಣೆಯಿಂದ ರಾತ್ರಿಗೆ ಐದು ಸಲ ಮೂತ್ರಕ್ಕೆಂದು ಇಳಿಯುತ್ತಾನೆ. ಆನೆಗಳಿಗೂ ಅವನ ಹೊತ್ತು ಗೊತ್ತಾಗಿರಬೇಕು. ಯಾವ ತಮ್ಮನೆಂದು ಹೇಳೆನು. ಕಲ್ಲೂರಿನ ನಿಮ್ಮ ಶಿಬಿರದಲ್ಲಿ ಅವನ ರಕ್ತ ನೋಡಿ, ಪ್ರಾಸ್ಟೇಟ್ ಗ್ರಂಥಿಯನ್ನು ಪರೀಕ್ಷಿಸಬೇಕು, ಕ್ಯಾನ್ಸರ್ ಇದೆಯೋ ಇಲ್ಲವೋ ತಿಳಿಯಬೇಕು ಎಂದರು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ತಾವು ಒಂದೂವರೆ ಗಂಟೆ ಮೈಟೊಕಾಂಡ್ರಿಯದ ಬಗ್ಗೆ ಮಾತಾಡಿದಿರಿ. ಜೀವಕೋಶದ ಒಲೆ ಅದು, ಎರಡೆರಡು ಗೋಡೆ ಅದಕ್ಕೆ. ಆ ಗ್ರಂಥಿ ಚೆನ್ನಾಗಿರುವಾಗ ಸತುವಿನ ಅಂಶ ಆ ಒಲೆಯನ್ನು ತಗ್ಗಿಸಿಡುತ್ತದೆ. ಕ್ಯಾನ್ಸರ್ ಬಂದರೆ ಸತು ಕಡಿಮೆಯಾಗಿ ಒಲೆ ಭರ್ರೆಂದು ಉರಿಯುತ್ತದೆ. ಬಹಳ ಚೆನ್ನಾಗಿ ಹೇಳಿದಿರಿ. ನನಗೇ ಅರ್ಥವಾಯಿತು ಎಂದಮೇಲೆ ನೋಡಿ!

ತಮ್ಮನಿಗೆ ಇನ್ನೂ ಹೆಚ್ಚು ಅರ್ಥವಾಯಿತು. ಪರೀಕ್ಷೆಗೆಂದು ನಿಮ್ಮ ಆಸ್ಪತ್ರೆಗೆ ಹೋದವನು ಅರ್ಧ ಗಂಟೆಯಲ್ಲೇ ವಾಪಸು ಬಂದು ಗಂಜಿಯ ಬಟ್ಟಲು ದೂಡಿದ.

"ಅಕ್ಕಾ, ಸೌದೆ ಹಾಕದಿದ್ದರೆ ಒಲೆ ತಾನೇ ಆರ್ತದೆ."

"ಯಾವ ಒಲೆಯೋ?"

"ಒಳಗಿನದು. ಡಾಕ್ಟರೇ ಹೇಳಿದ್ದು."

ಒಂಬತ್ತು ದಿನ ಬರೀ ಕಟ್ಟನ್ ಚಾಯ, ಹಾಲಿಲ್ಲದ ಕರಿ ಚಹ. ಲುಂಗಿ ಸೊಂಟದಲ್ಲಿ ನಿಲ್ಲದಾಯಿತು. ಹತ್ತನೆಯ ದಿನ ನಾನು ಅವನ ಮುಂದೆ ಕೂತೆ.

"ಒಲೆ ಹೊತ್ತಿದೆಯೋ ಇಲ್ಲವೋ ನೋಡಿಸದೆ ನೀರು ಹೊಯ್ತೀಯಲ್ಲ, ಯಾರಿಗೆ ಹೇಳ್ತಿ ಈ ಕಥೆ? ಅಲ್ಲೇನಾಯ್ತು ಹೇಳು."

ಅವನು ಜಾರುವ ಲುಂಗಿಯನ್ನು ಬಿಗಿದು ಕಟ್ಟಿಕೊಂಡ. "ಅಕ್ಕಾ, ಪಂಚೆ ಬಿಚ್ಚಿ ಮಗ್ಗುಲಾಗು ಅಂದರು. ಗಾಳಿಗೆ ಪರದೆ ಹಾರಿತು. ಹೊರಗೆ ಬೆಂಚಿನ ಮೇಲೆ ಬೀಗರು!"

ಮಾನ್ಯರೇ, ತಮಗೂ ಬೀಗರಿದ್ದಾರೆಂದು ನಂಬುತ್ತೇನೆ. ಮಗಳನ್ನು ಕೊಟ್ಟ ಮನೆಯವರ ಮುಂದೆ ನಮ್ಮ ಗಂಡಸರು ಹೆಗಲ ಮೇಲಿನ ತೋರ್ತು ಟವೆಲನ್ನು ಕೂಡ ತೆಗೆದು ಕೈಯಲ್ಲಿ ಹಿಡಿದು ನಿಲ್ಲುವವರು. ಅವರ ಎದುರಿಗೆ ಪಂಚೆಯೇ? ಕಣ್ಣಿಗೆ ಕಾಣದ ಮೈಟೊಕಾಂಡ್ರಿಯಕ್ಕೆ ದೇವರು ಎರಡು ಗೋಡೆ ಕಟ್ಟಿದ್ದಾನೆ. ಐದೂಕಾಲು ಅಡಿಯ ನನ್ನ ತಮ್ಮನಿಗೆ ಸರ್ಕಾರ ಒಂದು ಬಾಗಿಲು ಕೊಡಬಾರದೇ? ವಯನಾಡು ಹೊಸ ಜಿಲ್ಲೆಯಾದಾಗ, ಇನ್ನು ಸರ್ಕಾರ ನಿಮ್ಮ ಬಾಗಿಲಿಗೇ ಬರುತ್ತದೆ ಎಂದು ಸಂಭ್ರಮಪಟ್ಟವರು ನಾವು. ನಮ್ಮ ಬಾಗಿಲು ಇರಲಿ, ನಿಮ್ಮದೆಲ್ಲಿ?

(ಬೀಗರೇ, ಇದನ್ನು ಓದಿದರೆ ಸುಮ್ಮನಿರಿ. ಆ ಬೆಂಚಿನ ಮೇಲೆ ನೀವೇಕೆ ಕೂತಿದ್ದಿರಿ ಎಂದು ನಾನೂ ಕೇಳುವುದಿಲ್ಲ.)

ನನ್ನ ಬೇಡಿಕೆ ಇಷ್ಟೇ: ಒಂದು ಬಾಗಿಲು, ಒಳಗಿನಿಂದ ಹಾಕುವ ಚಿಲಕ. ಮುಂದಿನ ಶಿಬಿರದಲ್ಲಿ, ಉಪವಾಸ ಮಾಡಿದರೆ ಈ ಕಾಯಿಲೆ ಹೋಗುವುದಿಲ್ಲ, ಬಂದು ತೋರಿಸಿ ಎಂಬ ಒಂದು ಮಾತು. ತಮ್ಮ ಈಗ ಗಂಜಿ ಕುಡಿಯುತ್ತಿದ್ದಾನೆ, ಆದರೆ ಹೆದರಿದ್ದಾನೆ. ನಾನೂ ಹೆದರಿದ್ದೇನೆ. ಇನ್ನು ಕಾಯಲಾರೆವು.

ಬರುವ ಮಂಗಳವಾರ ಹತ್ತು ಗಂಟೆಗೆ ಮೂವರು ತಮ್ಮಂದಿರನ್ನೂ ಕರೆತರುತ್ತೇನೆ. ಮೂವರೂ ಅರವತ್ತು ದಾಟಿದವರು, ಮೂವರನ್ನೂ ನೋಡಿ. ಯಾರಿಗಾಗಿ ಬಂದೆವೆಂದು ಬೆಂಚು ಊಹಿಸುತ್ತಿರಲಿ. ಅಷ್ಟರಲ್ಲಿ ಬಡಗಿ ಬರದಿದ್ದರೆ ಪರದೆಯ ಮುಂದೆ ನಾನೇ ಕೊಡೆ ಬಿಚ್ಚಿ ನಿಲ್ಲುತ್ತೇನೆ. ನನ್ನ ಅಗಲ ಸಾಕೆಂದು ತಮ್ಮನೇ ಅಳೆದು ಒಪ್ಪಿದ್ದಾನೆ.

ಇಂತಿ,
ಮಂಗಳವಾರದ ಮಟ್ಟಿಗೆ ತಮ್ಮ ಆಸ್ಪತ್ರೆಯ ಬಾಗಿಲು,
ಓಮನ, ಕಲ್ಲೂರು